ಶಿಬಿರದಲ್ಲಿ ಕೂಡಿಬಂದ ಧ್ಯಾನ ಮನೆಯಲ್ಲಿ ಕೂಡಿಬರುತ್ತಿಲ್ಲ, ಏನು ಮಾಡಲಿ?

ಸಾಗರದ ಗುಮಾಸ್ತ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಈ ಬೇಸಿಗೆಯಲ್ಲಿ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಸೇರಿ ಎಂಟೂ ದಿನ ಮುಗಿಸಿದೆ. ಅಂದಿನಿಂದ ಕುಡಿದಿಲ್ಲ. ಶಿಬಿರದಲ್ಲಿ ಯೋಗ, ಧ್ಯಾನ, ಭಜನೆ ಎಲ್ಲವೂ ಇತ್ತು. ಅಕ್ಕಪಕ್ಕ ನನ್ನಂಥವರೇ ಕುಳಿತಿರುತ್ತಿದ್ದುದರಿಂದಲೋ ಏನೋ, ಕಣ್ಣು ಮುಚ್ಚಿದರೆ ಮನಸ್ಸು ಒಂದು ಕಡೆ ನಿಲ್ಲುತ್ತಿತ್ತು.

ಮನೆಯಲ್ಲಿ ಆ ಮಾತೇ ಇಲ್ಲ. ಮಂಡಿಯ ಬಾಗಿಲು ಹಾಕುವ ಹೊತ್ತಿಗೆ ಸೆಳೆತ ಶುರುವಾಗುತ್ತದೆ. ಮನೆಗೆ ಬಂದು ದೇವರ ಕೋಣೆಯಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿದೆನೋ ಇಲ್ಲವೋ, ತೊಂಬತ್ತು ಎಂಎಲ್ ಮದ್ಯದ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುವುದೇ ಕಾಣುತ್ತದೆ. ಬಾಯಲ್ಲಿ ನೀರೂರುತ್ತದೆ, ಅಂಗೈ ಬೆವರುತ್ತದೆ. ಎದ್ದುಬಿಡುತ್ತೇನೆ.

ಸೆಳೆತ ತಗ್ಗಲೆಂದು ವೈದ್ಯರು ನಾಲ್ಟ್ರೆಕ್ಸೋನ್ ಮಾತ್ರೆ ಬರೆದುಕೊಟ್ಟಿದ್ದಾರೆ. ನಮ್ಮ ಭಾವನವರು, 'ಧ್ಯಾನ ಮಾಡುವವನಿಗೆ ಮಾತ್ರೆ ಯಾಕೆ, ಅದೂ ಒಂದು ಚಟವೇ' ಎನ್ನುತ್ತಾರೆ. ಮಾತ್ರೆ ಬಿಟ್ಟರೆ ಧ್ಯಾನ ಹತ್ತುತ್ತದೆಯೇ? ತಿಳಿದವರು ಹೇಳಿ.

ತುಮಕೂರು ರಸ್ತೆ:

ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರಕ್ಕೆ ಹೋಗಿ ಬನ್ನಿ ಸರ್. ಬೆಂಗಳೂರಿನ ಹತ್ತಿರ ಆಲೂರಿನಲ್ಲಿ ಧಮ್ಮ ಪಫುಲ್ಲ ಕೇಂದ್ರವಿದೆ. ಶುಲ್ಕವಿಲ್ಲ, ಮನಸ್ಸಿದ್ದರೆ ಕೊನೆಗೆ ದಾನ ಕೊಡಬಹುದು. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ಮಾತಿಲ್ಲ, ಮೊಬೈಲ್ ಇಲ್ಲ. ನನ್ನ ಸಿಗರೇಟು ಬಿಟ್ಟುಹೋದದ್ದು ಅಲ್ಲಿಯೇ. 1994ರಲ್ಲಿ ವಿಪಶ್ಯನಾ ಕಲಿಸುತ್ತಿದ್ದ ಗೋಯೆಂಕಾ ಗುರೂಜಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ಶಿಬಿರ ನಡೆಸಿದ್ದರು. ಕೈದಿಗಳಿಗೇ ಸಾಧ್ಯವಾದದ್ದು ನಮಗೆ ಆಗುವುದಿಲ್ಲವೇ? ಗಟ್ಟಿ ಮನಸ್ಸಿದ್ದವರಿಗೆ ಮಾತ್ರೆ ಬೇಕಾಗುವುದಿಲ್ಲ.

ನಿವೃತ್ತ ಸಿಸ್ಟರ್, ಮೈಸೂರು:

ಗುಮಾಸ್ತರೇ, ಮೊದಲು ಮಾತ್ರೆಯ ವಿಷಯ ಮುಗಿಸೋಣ. ಭಾವನವರ ಮಾತನ್ನು ಹಬ್ಬದ ಊಟದಲ್ಲಿ ಕೇಳಿ, ಔಷಧದ ವಿಷಯದಲ್ಲಿ ಬೇಡ. ನಾಲ್ಟ್ರೆಕ್ಸೋನ್ ಚಟ ಹಿಡಿಸುವುದಿಲ್ಲ. ಕುಡಿತದಿಂದ ಮಿದುಳಿಗೆ ಸಿಗುವ ಖುಷಿಗೆ ಅಡ್ಡ ನಿಂತು ಸೆಳೆತವನ್ನು ತಗ್ಗಿಸುವುದು ಅದರ ಕೆಲಸ. ನಿಲ್ಲಿಸುವುದಿದ್ದರೆ ಬರೆದುಕೊಟ್ಟವರೇ ನಿಲ್ಲಿಸಲಿ. ಗಟ್ಟಿ ಮನಸ್ಸಿನ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವಾರ್ಡಿಗೆ ಬರುತ್ತಿದ್ದವರಲ್ಲಿ ಮನಸ್ಸು ಗಟ್ಟಿಯಿಲ್ಲದವರು ಕಡಿಮೆ; ಮಳೆಯಲ್ಲಿ ಅಷ್ಟು ದೂರ ನಡೆದು ಬಾರ್ ಹುಡುಕುವುದಕ್ಕೂ ಛಲ ಬೇಕು.

ಇನ್ನೂ ಕುಡಿಯುತ್ತಿದ್ದು ಇದನ್ನು ಓದುತ್ತಿರುವವರು ಗಮನಿಸಿ. ದಿನವೂ ಹೆಚ್ಚು ಕುಡಿಯುವವರು ಇಂದಿನಿಂದ ಬಂದ್, ಇಂದಿನಿಂದ ಧ್ಯಾನ ಎಂದು ಮನೆಯಲ್ಲಿ ಕುಳಿತುಬಿಡಬಾರದು. ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಆಮೇಲಿನ ಎರಡು ಮೂರು ದಿನಗಳಲ್ಲಿ ಕೆಲವರಿಗೆ ಹಗಲು ರಾತ್ರಿಯ ಪರಿವೆ ತಪ್ಪಿ, ಜೀವಕ್ಕೇ ಕುತ್ತು ಬರುತ್ತದೆ. ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ, 'ಇದನ್ನು ಹೊರಗೆ ಬಿಡಿ ಸಿಸ್ಟರ್' ಎಂದು ನನ್ನ ಅಂಗೈಗೆ ಹಾಕಿದವರಿದ್ದಾರೆ. ಆಗ ಬೇಕಾದದ್ದು ನರಗಳನ್ನು ಶಾಂತಗೊಳಿಸುವ ಡಯಜೆಪಾಮ್ ಮತ್ತು ಥಯಮಿನ್ ಎಂಬ ಬಿ1 ವಿಟಮಿನ್, ಪದ್ಮಾಸನವಲ್ಲ.

ತಿಹಾರಿನ ವಿಷಯ ನಿಜ. ಮುಂದಿನದನ್ನೂ ಹೇಳಬೇಕು. ಅಮೆರಿಕದ ಸಿಯಾಟಲ್ ಬಳಿಯ ಒಂದು ಜೈಲಿನಲ್ಲೂ ಇದೇ ಹತ್ತು ದಿನದ ಶಿಬಿರ ನಡೆಯಿತು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಅದನ್ನು ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಬಿಡುಗಡೆಯಾಗಿ ಮೂರು ತಿಂಗಳ ಮೇಲೆ ನೋಡಿದರೆ, ಶಿಬಿರದಲ್ಲಿ ಕುಳಿತವರ ಕುಡಿತ ಉಳಿದವರಿಗಿಂತ ಕಡಿಮೆಯಿತ್ತು. ಅದೇ ತಂಡದವರು ವ್ಯಸನ ಮರುಕಳಿಸದಂತೆ ಎಂಟು ವಾರಗಳ ಧ್ಯಾನದ ತರಬೇತಿಯನ್ನೂ ರೂಪಿಸಿದರು. 286 ಜನರ ಮೇಲೆ ಅದರ ಪರೀಕ್ಷೆ ನಡೆದು 2014ರಲ್ಲಿ ವರದಿ ಬಂತು. ವರ್ಷ ತುಂಬಿದಾಗ ಧ್ಯಾನ ಕಲಿತವರು ಉಳಿದವರಿಗಿಂತ ಕಡಿಮೆ ದಿನ ವ್ಯಸನಕ್ಕೆ ಇಳಿದಿದ್ದರು. ಆದರೆ ಅವರೆಲ್ಲರೂ ಮೊದಲ ಹಂತದ ಚಿಕಿತ್ಸೆ ಮುಗಿಸಿಯೇ ಧ್ಯಾನಕ್ಕೆ ಬಂದವರು. ಚಿಕಿತ್ಸೆಯ ಬದಲಿಗೆ ಧ್ಯಾನ ಎಂದು ಅದರಲ್ಲಿ ಎಲ್ಲೂ ಇಲ್ಲ.

ಈಗ ನಿಮ್ಮ ಪ್ಯಾಕೆಟ್ಟು. ಅದು ಕಣ್ಣೆದುರು ಬಂದ ಕೂಡಲೇ ಧ್ಯಾನ ಕೆಟ್ಟಿತೆಂದು ಏಳುತ್ತಿದ್ದೀರಿ. ಏಳಬೇಡಿ. ಅದನ್ನು ಓಡಿಸಲೂ ಹೋಗಬೇಡಿ. ಚಾಪೆ ಬಿಟ್ಟು ಕುರ್ಚಿಯ ಮೇಲೆ, ಕಣ್ಣು ತೆರೆದುಕೊಂಡು, ಪಾದ ನೆಲಕ್ಕೂರಿ ಕುಳಿತುಕೊಳ್ಳಿ. ಸೆಳೆತ ಮೈಯಲ್ಲಿ ಎಲ್ಲಿದೆ ನೋಡಿ: ನಾಲಿಗೆಯ ಬುಡದಲ್ಲೋ, ದವಡೆಯಲ್ಲೋ, ಹೊಟ್ಟೆಯ ಮೇಲ್ಭಾಗದಲ್ಲೋ. ಬಿಸಿಯೋ, ಬಿಗಿತವೋ, ನಡುಕವೋ ಎಂದು ಒಳಗೇ ಹೇಳಿಕೊಳ್ಳಿ. ಉಸಿರಿನ ಕಡೆ ಬನ್ನಿ, ಮತ್ತೆ ಆ ಜಾಗಕ್ಕೆ ಹೋಗಿ. ಸೆಳೆತ ಅಲೆಯ ಹಾಗೆ ಏರುತ್ತದೆ, ಒಂದು ಕಡೆ ತುದಿ ಮುಟ್ಟುತ್ತದೆ, ಇಳಿಯುತ್ತದೆ. ಮಾರ್ಲಾಟ್ ಕಲಿಸುತ್ತಿದ್ದುದು ಆ ಅಲೆಯ ಮೇಲೆ ತೇಲುವುದನ್ನು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ತಗ್ಗುತ್ತದೆ. ಕೂರಲಾಗದಿದ್ದರೆ ಅಂಗಳದಲ್ಲಿ ಬರಿಗಾಲಲ್ಲಿ ನಡೆಯಿರಿ, ಅಂಗಾಲಿನ ಮೇಲೆ ಗಮನವಿರಲಿ.

ಇದನ್ನು ಬೆಳಿಗ್ಗೆ, ಸೆಳೆತ ಇಲ್ಲದಿರುವಾಗಲೇ ಅಭ್ಯಾಸ ಮಾಡಿಕೊಳ್ಳಿ. ಸಂಜೆ ಮಂಡಿ ಬಿಡುವ ಮೊದಲು ಏನಾದರೂ ತಿನ್ನಿ; ಹಸಿದ ಹೊಟ್ಟೆಯಲ್ಲಿ ಸೆಳೆತ ಹೆಚ್ಚು. ಬಾರ್ ಇರುವ ರಸ್ತೆ ಬಿಟ್ಟು ಸುತ್ತಿ ಬನ್ನಿ, ಅದಕ್ಕೆ ನಾಚಿಕೆ ಬೇಡ. ವಿಪಶ್ಯನಾಕ್ಕೆ ಆಮೇಲೆ ಹೋಗಬಹುದು. ಅರ್ಜಿಯಲ್ಲಿ ಕುಡಿತದ ವಿಷಯವನ್ನೂ ಮಾತ್ರೆಯನ್ನೂ ಮುಚ್ಚಿಡದೆ ಬರೆಯಿರಿ. ಖಿನ್ನತೆ ಇದ್ದವರು, ಇಲ್ಲದ ಧ್ವನಿ ಕೇಳಿಸಿಕೊಂಡವರು ವೈದ್ಯರನ್ನು ಕೇಳದೆ ಹತ್ತು ದಿನದ ಮೌನಕ್ಕೆ ಕೂರಬೇಡಿ.

ಹುಬ್ಬಳ್ಳಿಯ ಅನಾಮಿಕ:

ಸಿಸ್ಟರ್ ಹೇಳಿದ್ದಕ್ಕೆ ನನ್ನ ಮತವೂ ಇದೆ. ನಾನು ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನವನು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಸಂಘದ ಹನ್ನೆರಡು ಹೆಜ್ಜೆಗಳಲ್ಲಿ ಪ್ರಾರ್ಥನೆ ಮತ್ತು ಧ್ಯಾನ ಬರುವುದು ಹನ್ನೊಂದನೆಯದರಲ್ಲಿ. ಒಪ್ಪಿಕೊಳ್ಳುವುದು, ನೋಯಿಸಿದವರ ಬಳಿ ಹೋಗಿ ಸರಿಮಾಡಿಕೊಳ್ಳುವುದು ಎಲ್ಲ ಅದಕ್ಕಿಂತ ಮೊದಲು. ಶಿಬಿರ ಮುಗಿಸಿದವರಿಗೆಂದು ನವಜೀವನ ಸಮಿತಿ ಇರುತ್ತದಲ್ಲ, ಅದರ ಸಭೆಗೆ ಹೋಗುತ್ತಿದ್ದೀರಾ? ಅಕ್ಕಪಕ್ಕ ನಿಮ್ಮಂಥವರು ಕೂರುವುದು ಅಲ್ಲಿಯೇ.

ಸಾಗರದ ಗುಮಾಸ್ತ:

ಸಿಸ್ಟರ್, ಮಾತ್ರೆ ಬಿಟ್ಟಿಲ್ಲ. ನೀವು ಹೇಳಿದ್ದನ್ನು ಮಂಡಿಯಲ್ಲೇ, ಮೂಟೆಗೆ ಒರಗಿ, ಖಾತೆ ಪುಸ್ತಕ ತೆರೆದಿಟ್ಟುಕೊಂಡು ಮಾಡಿ ನೋಡಿದೆ. ನೋಡುವವರಿಗೆ ಲೆಕ್ಕ ಹಾಕುತ್ತಿದ್ದೇನೆ ಎಂದೇ ಕಾಣುತ್ತದೆ. ಸೆಳೆತ ನನಗೆ ದವಡೆಯಲ್ಲಿದೆ, ಇಷ್ಟು ದಿನ ಗೊತ್ತೇ ಇರಲಿಲ್ಲ. ಪೂರ್ತಿ ಹೋಗಲಿಲ್ಲ, ಇಳಿಯಿತು. ಸಮಿತಿಯ ಸಭೆಗೆ ಈ ವಾರ ಹೋಗುತ್ತೇನೆ. ಆದರೆ ಭಾನುವಾರ ಮಧ್ಯಾಹ್ನ ಮಂಡಿಯೂ ಇಲ್ಲ, ಸಭೆಯೂ ಇಲ್ಲ. ಆಗ ಕೈಮೀರಿದರೆ?

ನಿವೃತ್ತ ಸಿಸ್ಟರ್, ಮೈಸೂರು:

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಸಂಖ್ಯೆಯನ್ನು ಈಗಲೇ ಮೊಬೈಲಿಗೆ ಸೇರಿಸಿಕೊಳ್ಳಿ. ಭಾನುವಾರ ಹುಡುಕುತ್ತ ಕೂರಬೇಡಿ. ಮನೆಯವರಿಗೂ ಕೊಟ್ಟಿರಿ, ಭಾವನವರಿಗೂ.