ಸ್ಲೀವ್ ಸರ್ಜರಿ ಆಗಿ ನಾಲ್ಕು ತಿಂಗಳು: ತಟ್ಟೆಗೆ ಎಷ್ಟು ಹಾಕಿಕೊಳ್ಳಲಿ?

ಡೊಂಬಿವಲಿಯಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ನಾಲ್ಕು ತಿಂಗಳ ಹಿಂದೆ ಸ್ಲೀವ್ ಸರ್ಜರಿ ಆಯಿತು, ಅಂದರೆ ತೂಕ ಇಳಿಸಲು ಹೊಟ್ಟೆಯನ್ನು ಕತ್ತರಿಸಿ ಸಣ್ಣದು ಮಾಡುವುದು. 114 ಕಿಲೋ ಇದ್ದವಳು 92ಕ್ಕೆ ಬಂದಿದ್ದೇನೆ. ತೂಕದ ಬಗ್ಗೆ ದೂರಿಲ್ಲ. ತೊಂದರೆ ಇರುವುದು ತಟ್ಟೆಯಲ್ಲಿ.

ಮೊದಲ ಎರಡು ತಿಂಗಳು ಸುಲಭವಿತ್ತು. ತಿಳಿ ಸಾರು, ಮಜ್ಜಿಗೆ, ಆಮೇಲೆ ನುಣ್ಣಗೆ ಅರೆದ ಬೇಳೆ, ಆಮೇಲೆ ಮೆತ್ತಗಿನ ಅನ್ನ. ಎಲ್ಲ ಚೀಟಿಯಲ್ಲಿ ಬರೆದಿತ್ತು. ಈಗ ‘ಮಾಮೂಲಿ ಮನೆ ಊಟ, ಸ್ವಲ್ಪ ಸ್ವಲ್ಪ’ ಎಂದಿದ್ದಾರೆ. ಸ್ವಲ್ಪ ಅಂದರೆ ಎಷ್ಟು? ಎಷ್ಟೋ ವರ್ಷದ ರೂಢಿ, ಕೈಯಿಂದ ಎರಡು ಸೌಟು ಅನ್ನ ತಾನಾಗಿಯೇ ಬೀಳುತ್ತದೆ. ಐದಾರು ತುತ್ತಿಗೆ ಎದೆ ಕಟ್ಟಿದ ಹಾಗಾಗುತ್ತದೆ, ಬಾಯಲ್ಲಿ ನೀರು ಬರುತ್ತದೆ. ಅನ್ನ ಚೆಲ್ಲಬಾರದು ಅಂತ ಇನ್ನೆರಡು ತುತ್ತು ತಿನ್ನುತ್ತೇನೆ. ವಾರಕ್ಕೆ ಎರಡು ಮೂರು ಸಲ ವಾಂತಿ.

ಅತ್ತೆಗೆ ‘ಇಷ್ಟೇನಾ ತಿನ್ನೋದು’ ಎಂಬ ಚಿಂತೆ. ಆಫೀಸು ಫೋರ್ಟ್‌ನಲ್ಲಿ, ಎಂಟರ ಒಳಗೆ ಫಾಸ್ಟ್ ಲೋಕಲ್ ಹಿಡಿಯಬೇಕು, ಮಧ್ಯಾಹ್ನ ಡಬ್ಬಿಗೆ ಅರ್ಧ ಗಂಟೆ. ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ಗಣೇಶ ಚೌತಿ ಬೇರೆ ಬರುತ್ತಿದೆ. ನೀವೆಲ್ಲ ಅಳತೆ ಹೇಗೆ ಇಟ್ಟುಕೊಂಡಿರಿ, ಹೇಳಿ.

ಮಾಟುಂಗಾದಿಂದ:

ನನಗೆ 56, ತಂಗಿ ಅಂತಲೇ ಕರೆಯುತ್ತೇನೆ. ಮೊದಲು ವಾಂತಿಯ ವಿಷಯ ಸರ್ಜನ್‌ಗೆ ಹೇಳಿ. ನಮ್ಮ ಉಪಾಯಗಳೆಲ್ಲ ಆಮೇಲೆ. ಜಾಸ್ತಿ ತಿಂದು ಬರುವ ವಾಂತಿ ಬೇರೆ, ಉಳಿದ ಹೊಟ್ಟೆ ಎಲ್ಲೋ ಇಕ್ಕಟ್ಟಾಗಿ ಬರುವ ವಾಂತಿ ಬೇರೆ. ಮನೆಯಲ್ಲಿ ಕೂತು ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ದಿನಾ ಆಗತೊಡಗಿದರೆ ಬಿ1 ವಿಟಮಿನ್ ಖಾಲಿಯಾಗುತ್ತದೆ, ನರಗಳಿಗೆ ಏಟು. ನೀರೂ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಈಗ ಅಳತೆ. ನನಗೆ ಸ್ಲೀವ್ ಆಗಿ ಆರು ವರ್ಷ. ಚಿಕ್ಕಪ್ಪನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತೇ 138 ಕಿಲೋ ಆದವನು. ಹೋಟೆಲಿನಲ್ಲಿ ಎಲ್ಲಕ್ಕೂ ಅಳತೆ ಇದೆ. ದೋಸೆಗೆ ಇಷ್ಟು ಹಿಟ್ಟು, ಸಾಂಬಾರಿಗೆ ಒಂದು ಸೌಟು, ಥಾಳಿಗೆ ಒಂದೇ ಸೈಜಿನ ವಾಟಿ, ಅಂದರೆ ಬಟ್ಟಲು. ಗಿರಾಕಿಗೆ ಅಳೆದು ಕೊಡುತ್ತಿದ್ದವನು ನನಗೆ ಮಾತ್ರ ಯಾವತ್ತೂ ಅಳೆದುಕೊಂಡಿರಲಿಲ್ಲ.

ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಜಾಸ್ತಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕೊಳವೆ. ಮೊದಮೊದಲು ಅದು ಹಿಡಿಯುವುದು 100ರಿಂದ 150 ಎಂಎಲ್ ಎಂದು ಡಾಕ್ಟರು ಹೇಳಿದಾಗ ನನಗೆ ನೆನಪಾದದ್ದು ಕಟಿಂಗ್ ಚಹಾದ, ಅಂದರೆ ಅರ್ಧ ಚಹಾದ ಸಣ್ಣ ಗ್ಲಾಸು. ಮನೆಗೆ ಬಂದು ನಮ್ಮ ಹೋಟೆಲಿನ ಗ್ಲಾಸಿಗೆ ನೀರು ತುಂಬಿ ಅಳೆದೆ. ಕಂಠದವರೆಗೆ 90. ಅವತ್ತಿನಿಂದ ಅದೇ ನನ್ನ ಪಾವು, ಅದೇ ನನ್ನ ಸೇರು. ನಾಲ್ಕನೇ ತಿಂಗಳಲ್ಲಿ ಒಂದು ಹೊತ್ತಿನ ಊಟ ಅಂದರೆ ಒಂದು ಗ್ಲಾಸಿಗೆ ಸ್ವಲ್ಪ ಮೇಲೆ. ವರ್ಷ ಕಳೆದ ಮೇಲೆ ಎರಡು. ಈಗಲೂ ಮೂರಕ್ಕೆ ಹೋಗಿಲ್ಲ. ನಿಮ್ಮ ಮನೆಯ ವಾಟಿಗೂ ಒಂದು ಸಲ ನೀರು ತುಂಬಿ ಅಳೆಯಿರಿ. ‘ಅರ್ಧ ವಾಟಿ’ ಅನ್ನುವ ಮಾತಿಗೆ ಆಮೇಲೆ ಅರ್ಥ ಬರುತ್ತದೆ. ಪಾತ್ರೆಯಿಂದ ನೇರ ತಟ್ಟೆಗೆ ಬಡಿಸಿಕೊಳ್ಳಬೇಡಿ. ವಾಟಿಗೆ ಹಾಕಿ, ಅಲ್ಲಿಂದ ತಟ್ಟೆಗೆ. ಚೆಲ್ಲುವ ಸಂಕಟವೂ ಅಲ್ಲಿಗೇ ಮುಗಿಯಿತು.

ಆ ಒಂದು ಗ್ಲಾಸಿನಲ್ಲಿ ಏನಿರಬೇಕು ಅನ್ನುವುದು ಇನ್ನೂ ದೊಡ್ಡ ಪಾಠ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೊಟೀನ್ ಬೇಕು ಎಂದಿದ್ದರು ನಮ್ಮ ಡಯಟಿಷಿಯನ್. ಒಂದು ಮೊಟ್ಟೆಯಲ್ಲಿ 6. 50 ಗ್ರಾಂ ಪನೀರಿನಲ್ಲಿ 9ರ ಹತ್ತಿರ. ಒಂದು ವಾಟಿ ಗಟ್ಟಿ ತೊವ್ವೆಯಲ್ಲಿ ಆರೇಳು. ಲೆಕ್ಕ ಹಾಕಿ ನೋಡಿ, ಅನ್ನಕ್ಕೆ ಜಾಗ ಎಲ್ಲಿದೆ? ನಾವು ಅನ್ನದ ಮೇಲೆ ತೊವ್ವೆ ಹಾಕಿಕೊಂಡು ಬೆಳೆದವರು. ಈಗ ತೊವ್ವೆಯ ಮೇಲೆ ಎರಡು ಚಮಚ ಅನ್ನ. ಮೊದಲು ಮೊಟ್ಟೆಯೋ ಪನೀರೋ ಬೇಳೆಯೋ, ಆಮೇಲೆ ಪಲ್ಯ, ಕೊನೆಗೆ ಜಾಗವಿದ್ದರೆ ಅನ್ನ. ಮೊದಲ ವರ್ಷ ಊಟದಿಂದಲೇ 60 ಮುಟ್ಟುವುದು ನನ್ನಿಂದ ಆಗಲಿಲ್ಲ. ಅವರು ಬರೆದುಕೊಟ್ಟ ಪ್ರೊಟೀನ್ ಪುಡಿಯನ್ನು ಸಂಜೆ ಮಜ್ಜಿಗೆಗೆ ಹಾಕಿಕೊಂಡು ಕುಡಿಯುತ್ತಿದ್ದೆ. ರುಚಿ ಕೇಳಬೇಡಿ.

ಊಟದ ಜೊತೆ ನೀರು ಬೇಡ. ಊಟ ಮುಗಿದು ಅರ್ಧ ಗಂಟೆ ಆದ ಮೇಲೆ ಗುಟುಕು ಗುಟುಕಾಗಿ. ಜೊತೆಗೇ ಕುಡಿದರೆ ಒಂದೋ ಎದೆ ಕಟ್ಟುತ್ತದೆ, ಇಲ್ಲ ತಿಂದದ್ದು ಬೇಗ ಜಾರಿ ಹೋಗಿ ಮತ್ತೆ ತಿನ್ನಬೇಕು ಅನಿಸುತ್ತದೆ. ಸಾಂಬಾರಿನಲ್ಲಿ ಮುಳುಗಿಸಿದ ಇಡ್ಲಿಯದ್ದೂ ಇದೇ ಕತೆ. ಲೆಕ್ಕವಿಲ್ಲದೆ ಒಳಗೆ ಹೋಗುತ್ತದೆ. ಮಾರುವವನೇ ಹೇಳುತ್ತಿದ್ದೇನೆ. ಪಾವ್ ಬ್ರೆಡ್ ಅದರ ಉಲ್ಟಾ. ಒಳಗೆ ಹೋಗಿ ಹಿಟ್ಟಿನ ಮುದ್ದೆಯಾಗಿ ಕೂರುತ್ತದೆ. ದಾದರ್‌ನಲ್ಲಿ ಒಂದು ಸಲ ಅರ್ಧ ವಡಾಪಾವ್ ತಿಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಬೆವರುತ್ತಾ ಕೂತಿದ್ದೆ.

ಇನ್ನೊಂದು. ಕೈಯಲ್ಲಿ ಕಲಸಿದರೆ ತುತ್ತು ದೊಡ್ಡದೇ ಆಗುತ್ತದೆ. ಚಹಾದ ಸಣ್ಣ ಚಮಚ ಹಿಡಿಯಿರಿ. ಒಂದು ತುತ್ತು ಪೂರ್ತಿ ಅಗಿದು ನುಂಗಿ, ಚಮಚ ಕೆಳಗಿಟ್ಟು, ಆಮೇಲೆ ಇನ್ನೊಂದು. ಇಪ್ಪತ್ತು ನಿಮಿಷ ಸಾಕು, ನಿಮಗೆ ಅರ್ಧ ಗಂಟೆ ಇದೆಯಲ್ಲ. ನನಗಂತೂ ಸಾಕು ಅನ್ನುವ ಸೂಚನೆ ಮೂಗಿನಿಂದ ಬರುತ್ತದೆ. ಮೂಗು ಸೋರತೊಡಗಿದರೆ ಚಮಚ ಕೆಳಗೆ. ನಿಮಗೆ ಬಾಯಲ್ಲಿ ನೀರು ಬರುತ್ತದೆ ಎಂದಿರಿ. ಆಗ ಈಗಾಗಲೇ ಎರಡು ತುತ್ತು ತಡವಾಗಿದೆ ಅಂತ ತಿಳಿಯಿರಿ.

ಪುಣೆ, ಕೋಥ್ರೂಡ್‌ನಿಂದ:

ನಾನು ಧಾರವಾಡದವಳು. ನನ್ನದು ಬೈಪಾಸ್, ಹೃದಯದ್ದಲ್ಲ, ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುವುದು. ಮೂರು ವರ್ಷ ಆಯಿತು. ನಮಗೆ ಬಿಡುವ ಚೀಲ ಇನ್ನೂ ಸಣ್ಣದು, ಸುಮಾರು 30 ಎಂಎಲ್. ಹಾಗಾಗಿ ನನ್ನ ಲೆಕ್ಕ ನಿಮಗೆ ಪೂರ್ತಿ ಹೊಂದುವುದಿಲ್ಲ. ಆದರೆ ಚೌತಿ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸರ್ಜರಿ ಆಗಿ ಆರು ತಿಂಗಳಿಗೆ ಒಂದು ಸೀಮಂತಕ್ಕೆ ಹೋಗಿದ್ದೆ. ಹೋಳಿಗೆ. ಅರ್ಧವೇ ತಿಂದೆ, ಮೇಲೆ ಹಾಲು ತುಪ್ಪ. ಇಪ್ಪತ್ತು ನಿಮಿಷದೊಳಗೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ತಿರುಚಿತು. ಯಾರದೋ ಬೆಡ್‌ರೂಮಿನಲ್ಲಿ ಮಲಗಿದೆ. ಬಂದವರೆಲ್ಲ ಹಾರ್ಟ್ ಅಟ್ಯಾಕ್ ಅಂದುಕೊಂಡರು. ಬಸುರಿ ಹುಡುಗಿ ನನಗೆ ಬೀಸಣಿಗೆ ಬೀಸಿದಳು, ಯಾರ ಸೀಮಂತವೋ ಏನೋ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಿಹಿ ಒಮ್ಮೆಲೇ ಸಣ್ಣ ಕರುಳಿಗೆ ಇಳಿದು, ಅಲ್ಲಿ ನೀರು ಎಳೆದುಕೊಳ್ಳುತ್ತದಂತೆ. ಇನ್ನೊಂದು ತರದ್ದೂ ಇದೆ. ತಿಂದು ಒಂದರಿಂದ ಮೂರು ಗಂಟೆಯ ಮೇಲೆ ರಕ್ತದ ಸಕ್ಕರೆ ದಡಕ್ಕನೆ ಇಳಿದು ಕೈಕಾಲು ನಡುಗುವುದು. ಸ್ಲೀವ್ ಆದವರಿಗೆ ಇದು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಿಲ್ಲ.

ಚೌತಿಯಲ್ಲಿ ಹತ್ತು ಮನೆಗೆ ದರ್ಶನ ಅಂದರೆ ಹತ್ತು ಮೋದಕ ಅಲ್ವಾ? ನಾನು ಒಂದು ಸಣ್ಣ ಡಬ್ಬಿ ಒಯ್ಯುತ್ತೇನೆ. ಪ್ರಸಾದ ಕಣ್ಣಿಗೊತ್ತಿಕೊಂಡು ಡಬ್ಬಿಗೆ. ಮನೆಯಲ್ಲಿ ಊಟ ಆದ ಮೇಲೆ ಒಂದರಲ್ಲಿ ಕಾಲು ಭಾಗ, ಉಳಿದದ್ದು ಮಕ್ಕಳಿಗೆ. ಏಕಾದಶಿಗೆ ಸಾಬುದಾಣಿ ಖಿಚಡಿ ತಿಂದು ಉಪವಾಸ ಅನ್ನುವುದನ್ನೂ ಬಿಟ್ಟೆ. ಬರೀ ಪಿಷ್ಟ. ಪಾಂಡುರಂಗ ಬೇಜಾರು ಮಾಡಿಕೊಂಡಿಲ್ಲ.

ಅಳತೆಯ ವಿಷಯದಲ್ಲಿ ಮಾಟುಂಗಾದ ಅಣ್ಣನವರ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಾನು ಡಿಜಿಟಲ್ ತಕ್ಕಡಿ ತಂದು ವರ್ಷವಿಡೀ ತೂಗಿದೆ. ಜೋಳದ ರೊಟ್ಟಿ ಮುರಿದು ತೂಗುವುದು, ಝುಣಕಾ ತೂಗುವುದು. ಒಂದು ದಿನ ಮಗಳು ‘ಅವ್ವಾ, ನನ್ನ ಬಿಸ್ಕತ್ತನ್ನೂ ತೂಗಲಾ?’ ಎಂದಳು. ಅವತ್ತೇ ತಕ್ಕಡಿ ಅಟ್ಟಕ್ಕೆ ಹೋಯಿತು. ಈಗ ಮಗಳ ಹಳೆಯ ಸಣ್ಣ ತಟ್ಟೆ, ಅಷ್ಟೇ. ತುಂಬಿದರೂ ಜಾಸ್ತಿ ಆಗುವುದಿಲ್ಲ. ರೊಟ್ಟಿ ಮೆತ್ತಗಿನದು, ಬಿಸಿ ಇದ್ದಾಗ ಅರ್ಧ. ಕಟಕ ರೊಟ್ಟಿ ನನಗೆ ಇವತ್ತಿಗೂ ಆಗುವುದಿಲ್ಲ.

ಮಾಟುಂಗಾದಿಂದ ಮತ್ತೆ:

ಅಕ್ಕಾ, ತಕ್ಕಡಿ ನಾನೂ ಹೇಳಿಲ್ಲ. ಗ್ಲಾಸೇ ಸಾಕು. ಅದೂ ಮೊದಲ ವರ್ಷ, ಕೈಗೆ ಹೊಸ ರೂಢಿ ಆಗುವ ತನಕ.

ಥಾಣೆಯಿಂದ:

ನನ್ನದು ಉಲ್ಟಾ ಅನುಭವ, ನಾಚಿಕೆ ಬಿಟ್ಟು ಹೇಳುತ್ತೇನೆ. ಊಟದ ಅಳತೆ ತಪ್ಪಲೇ ಇಲ್ಲ. ಆದರೂ ಮೂರನೇ ವರ್ಷ 9 ಕಿಲೋ ವಾಪಸ್ ಬಂತು. ಎಲ್ಲಿಂದ? ಚಿವ್ಡಾ, ಶೇವ್, ಚಕ್ಕುಲಿ. ಎರಡು ಚಮಚ ಅನ್ನಕ್ಕೆ ‘ಸಾಕು’ ಅನ್ನುವ ಹೊಟ್ಟೆ, ಚಿವ್ಡಾಗೆ ತುಟಿ ಬಿಚ್ಚುವುದಿಲ್ಲ. ಕುರುಕುರು ಅಂದು ಕರಗಿ ಕೆಳಗಿಳಿದು ಹೋಗುತ್ತದೆ. ದಾದರ್‌ನಿಂದ ಥಾಣೆಗೆ ಬರುವಷ್ಟರಲ್ಲಿ ಪೊಟ್ಟಣ ಖಾಲಿ. ‘ನೀವು ಊಟ ಮಾಡುತ್ತಿಲ್ಲ, ಮೇಯುತ್ತಿದ್ದೀರಿ’ ಎಂದರು ಡಯಟಿಷಿಯನ್. ಮೇಯುವುದು, ಹೌದು, ಸರಿಯಾದ ಮಾತು. ಈಗ ದಿನಕ್ಕೆ ಐದು ಹೊತ್ತು, ಕೂತು ತಿನ್ನುವುದು, ನಡುವೆ ಬಾಯಿ ಬಂದ್. 5 ಕಿಲೋ ಇಳಿದಿದೆ, 4 ಇನ್ನೂ ಹಠ ಹಿಡಿದು ಕೂತಿದೆ.

ಗೋವಾ, ವಾಸ್ಕೋದಿಂದ:

ನೀವು ಮೀನು ತಿನ್ನುವುದಿಲ್ಲ ಎಂದಿರಿ, ಓದುವ ಬೇರೆಯವರಿಗೆ ಹೇಳುತ್ತೇನೆ. ಬಂಗುಡೆಯನ್ನು ಹುರಿಯದೆ ತೆಳ್ಳಗಿನ ಹುಳಿಯಲ್ಲಿ ಬೇಯಿಸಿದರೆ ಮೆತ್ತಗೆ ಇಳಿಯುತ್ತದೆ, ಪ್ರೊಟೀನಿನ ಚಿಂತೆಯೂ ಅರ್ಧ ಕಳೆಯುತ್ತದೆ. ಕೋಳಿಯ ಎದೆ ಮಾಂಸ ಒಣಗಿದ್ದರೆ ಸಿಕ್ಕಿಕೊಳ್ಳುತ್ತದೆ.

ಮಾತ್ರೆ ಬಿಡಬೇಡಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ, ಇವೆಲ್ಲ ಜೀವನಪರ್ಯಂತ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ, ನಡುವೆ ಎರಡು ಗಂಟೆ ಬಿಡಿ. ಕಬ್ಬಿಣದ ಬೆನ್ನಿಗೇ ಚಹಾ ಬೇಡ. ನಾನು ಎರಡನೇ ವರ್ಷ ‘ಚೆನ್ನಾಗಿದ್ದೇನಲ್ಲ’ ಅಂತ ಎಲ್ಲ ನಿಲ್ಲಿಸಿದ್ದೆ. ಬಿ12 ಇಳಿದು ಪಾದ ಜುಮ್ಮೆನ್ನತೊಡಗಿತು. ಇಂಜೆಕ್ಷನ್ ತಗೊಂಡು ಸರಿಯಾಯಿತು. ಗೋವಾಕ್ಕೆ ಬಂದ ನೆಂಟರು ಒಂದೇ ಪೆಗ್ ಅಂತ ಒತ್ತಾಯ ಮಾಡುತ್ತಾರೆ. ಸರ್ಜರಿ ಆದವರಿಗೆ ಅದು ಬೇಗ ಏರುತ್ತದೆ. ಬೇಡ.

ಮುಲುಂಡ್‌ನಿಂದ:

ಸರ್ಜರಿ ಆದದ್ದು ನನ್ನ ಹೆಂಡತಿಗೆ, ನನಗಲ್ಲ. ಅತ್ತೆಯ ಬಗ್ಗೆ ಬರೆದಿದ್ದೀರಲ್ಲ, ನಮ್ಮ ಮನೆಯಲ್ಲಿ ನನ್ನ ಅಮ್ಮನದೂ ಅದೇ ಮಾತಾಗಿತ್ತು. ಜಗಳದಿಂದ ಏನೂ ಆಗಲಿಲ್ಲ. ಮುಂದಿನ ಚೆಕಪ್‌ಗೆ ಅಮ್ಮನನ್ನೂ ಕರೆದುಕೊಂಡು ಹೋದೆವು. ಡಯಟಿಷಿಯನ್ ಮೇಜಿನ ಮೇಲೆ ಹೊಟ್ಟೆಯ ಮಾದರಿ ಇತ್ತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ‘ಇಷ್ಟೇನಾ?’ ಎಂದರು, ಆ ‘ಇಷ್ಟೇನಾ’ ಬೇರೆ ಇತ್ತು. ಈಗ ಸೊಸೆಯ ವಾಟಿಯನ್ನು ಅವರೇ ತುಂಬುತ್ತಾರೆ, ಒಂದು ಚಮಚ ಜಾಸ್ತಿ ಹಾಕಲು ಬಂದರೆ ನನಗೇ ಬೈಗುಳ.

ಕೂದಲು ಉದುರಲು ಶುರುವಾದರೆ ಹೆದರಬೇಡಿ. ಮೂರನೇ ತಿಂಗಳಿಂದ ಸುಮಾರು ಜನರಿಗೆ ಆಗುತ್ತದೆ. ಅವಳಿಗೆ ಎಂಟನೇ ತಿಂಗಳಿಗೆ ನಿಂತಿತು.

ಡೊಂಬಿವಲಿಯಿಂದ, ಹತ್ತು ದಿನದ ಮೇಲೆ:

ಸರ್ಜನ್ ಹತ್ತಿರ ಹೋಗಿ ಬಂದೆ. ಎಂಡೋಸ್ಕೋಪಿ ಮಾಡಿದರು, ಇಕ್ಕಟ್ಟು ಇಲ್ಲ. ‘ಅವಸರ ಮತ್ತು ಅಳತೆ’ ಎಂದರು, ಅಂದರೆ ಅಣ್ಣ ಹೇಳಿದ್ದೇ. ನಮ್ಮ ವಾಟಿ ಅಳೆದೆ, 160 ಹಿಡಿಯುತ್ತದೆ! ನಾನು ಅದನ್ನು ಸಣ್ಣದು ಅಂದುಕೊಂಡಿದ್ದೆ. ಈಗ ಅದರ ಮುಕ್ಕಾಲು. ಹತ್ತು ದಿನದಲ್ಲಿ ಒಂದೇ ಸಲ ವಾಂತಿ, ಅದೂ ಆಫೀಸಿನಲ್ಲಿ ಬರ್ತ್‌ಡೇ ಕೇಕಿನ ದಿನ.

ಅತ್ತೆಯನ್ನು ಮುಂದಿನ ತಿಂಗಳು ಕರೆದುಕೊಂಡು ಹೋಗುತ್ತೇನೆ. ಸದ್ಯ ತೊವ್ವೆ ಗಟ್ಟಿ ಮಾಡಲು ಒಪ್ಪಿದ್ದಾರೆ. ನಾಲ್ಕು ಅಂತಸ್ತಿನ ನನ್ನ ಡಬ್ಬಿ ಈಗ ಹಾಸ್ಯದ ವಸ್ತು. ಭುಲೇಶ್ವರದ ಪಾತ್ರೆ ಅಂಗಡಿಯಲ್ಲಿ ಮಕ್ಕಳ ಸ್ಟೀಲ್ ಡಬ್ಬಿ ನೋಡಿದೆ, ಎರಡೇ ಅಂತಸ್ತು, ಮೇಲಿನದಕ್ಕೆ ಒಂದು ಮೊಟ್ಟೆ ಸರಿಯಾಗಿ ಕೂರುತ್ತದೆ. ಅಂಗಡಿಯವನು ‘ಮಗು ಯಾವ ಕ್ಲಾಸು?’ ಎಂದು ಕೇಳಿದ. ಒಂದನೇ ಕ್ಲಾಸು ಎಂದೆ.