ಕ್ಯಾಚಿಗೆ ಸಿಗದ ಎರರು

"ಎಂತ ಪ್ರವೀಣ, ಗೋಳಿಬಜೆ ತಣ್ಣಗಾಯ್ತು" ಅಂದ್ರು ಶೆಟ್ರು. ಹಂಪನಕಟ್ಟೆಯಲ್ಲಿ ಮಳೆ ಬಿಡುವ ಲಕ್ಷಣ ಇರ್ಲಿಲ್ಲ.

"ಗೇರುಬೀಜ ಫ್ಯಾಕ್ಟರಿದೇ ತಲೆಬಿಸಿ ಮಾರ್ರೆ. ತೂಕದ ಮೆಷಿನ್ ಜೊತೆ ಮಾತಾಡುವ ಕೋಡ್ ಫೈಲು, ಆ ಡಿಎಲ್‌ಎಲ್, ಸಿ ಭಾಷೆಯಲ್ಲುಂಟು, ನಮ್ಮ ಬಿಲ್ಲಿಂಗ್ ಪ್ರೋಗ್ರಾಮ್ ಸಿ ಶಾರ್ಪ್ ಭಾಷೆಯಲ್ಲಿ, ಬೆಳಿಗ್ಗೆ ಚಂದ ಓಡ್ತದೆ, ಚೀಲ ಏರಿಸ್ತಾ ಏರಿಸ್ತಾ ಒಮ್ಮೆಲೇ ಆಕ್ಸೆಸ್ ವಯೊಲೇಶನ್, ಮುಟ್ಟಬಾರದ ಮೆಮರಿ ಮುಟ್ಟಿದೆ ಅಂತ ಧೊಪ್ಪ ಬೀಳ್ತದೆ. ಎರರ್ ಹಿಡಿಯುವ ಟ್ರೈ-ಕ್ಯಾಚ್ ಹಾಕಿದೆ, ಅದರ ಹೊರಗೆ ಇನ್ನೊಂದು ಹಾಕಿದೆ, ಎಐ ಹೇಳಿತು ಅಂತ ಪ್ರೋಗ್ರಾಮ್ ಶುರುವಾಗುವ ಮೇನಿಗೂ ಒಂದು..."

"ಮಾನಿಟರಿಗೊಂದು ನೂಲು ಕಟ್ಟಿದ್ಯಾ?" ಭಟ್ರು ಕೇಳಿದ್ರು. "ಸಿ ಶಾರ್ಪನ್ನು ಓಡಿಸುವ ಡಾಟ್ ನೆಟ್ 4 ಬಂದದ್ದು 2010ರಲ್ಲಿ. ಅಲ್ಲಿಂದ ಇದು ಮಾಮೂಲಿ ಕ್ಯಾಚಿಗೆ ಸಿಗುವುದೇ ಇಲ್ಲ. ಸಿಗಬಾರ್ದು ಅಂತಲೇ ಮಾಡಿದ್ದು. ಮೆಮರಿ ಕೆಟ್ಟ ಮೇಲೂ ಓಡಿದ್ರೆ ನೂರು ಕಿಲೋಗೆ ಸಾವಿರ ಕಿಲೋ ಬಿಲ್ಲು ಬಂದೀತು."

"ಅದು ಒಳ್ಳೇದೇ ಅಲ್ವಾ, ಮಾರುವವ್ರಿಗೆ?" ಅಂದ್ರು ಕಾಮತ್ರು.

ಭಟ್ರು ಕಿವಿಗೆ ಹಾಕ್ಕೊಳ್ಳದೆ, "ಅಂಕಿ ಇಡುವ ಲಾಂಗ್ ನೋಡಿದ್ಯಾ? ವಿಂಡೋಸಲ್ಲಿ ಸಿಯ ಲಾಂಗ್ 4 ಬೈಟ್, ಸಿ ಶಾರ್ಪಿಂದು 8."

"ನೋಡಿದೆ. ಫಂಕ್ಷನ್ ಕರೆಯುವ ಕ್ರಮ, ಕಾಲಿಂಗ್ ಕನ್ವೆನ್ಶನ್ನೂ ಸರಿ ಉಂಟು."

"ತೂಕ ಬಂದಾಗ ಅವ್ರು ನಿನ್ನ ಫಂಕ್ಷನ್ನನ್ನು ವಾಪಸ್ ಕರೀತಾರಲ್ಲ, ಆ ಫಂಕ್ಷನ್ನಿನ ವಿಳಾಸ ಹಿಡಿದ ಡೆಲಿಗೇಟ್ ಎಲ್ಲಿಟ್ಟಿದ್ದಿ?"

"ಇಡುವುದೆಂತ, ಅಲ್ಲೇ ನ್ಯೂ ಮಾಡಿ ಕೊಟ್ಟೆ."

ಅಷ್ಟರಲ್ಲಿ, ಕೈ ತೊಳಿಲಿಕ್ಕೆ ಎದ್ದಿದ್ದ ಶೆಟ್ರ ಅರ್ಧ ಬನ್ಸನ್ನು ಹುಡುಗ ತಟ್ಟೆ ಸಮೇತ ಎತ್ತಿಕೊಂಡು ಹೋದ.

"ಅದೇ ನೋಡು, ಯಾರೂ ಹಿಡ್ಕೊಳ್ಳದ ಮೆಮರಿ ಗುಡಿಸುವ ಡಾಟ್ ನೆಟ್ಟಿನ ಗಾರ್ಬೇಜ್ ಕಲೆಕ್ಟರ್" ಅಂದ್ರು ಭಟ್ರು. "ಸಿ ಕಡೆಯವ ನಿನ್ನ ಡೆಲಿಗೇಟನ್ನು ನಂಬಿ ಕೂತದ್ದು ಅದಕ್ಕೆ ಕಾಣುವುದಿಲ್ಲ, ಖಾಲಿ ಕುರ್ಚಿ ಅಂತ ಒರೆಸಿ ಬಿಡ್ತದೆ. ಒಂದು ಸ್ಟ್ಯಾಟಿಕ್ ಫೀಲ್ಡಲ್ಲಿ, ಪ್ರೋಗ್ರಾಮ್ ಮುಗಿಯುವವರೆಗೆ ಉಳಿಯುವ ಜಾಗದಲ್ಲಿ, ಹಿಡ್ಕೊಂಡಿರು. ಆಫೀಸಲ್ಲಿ ಎರಡು ಚೀಲ ತೂಗಿ ನೋಡಿದ್ರೆ ಕಲೆಕ್ಟರ್ ಬರುವ ಮೊದ್ಲೇ ಟೆಸ್ಟ್ ಮುಗಿದಿರ್ತದೆ. ಬೇಕಂತ್ಲೇ ಜಿಸಿ ಡಾಟ್ ಕಲೆಕ್ಟ್ ಅಂತ ಆ ಕಲೆಕ್ಟರನ್ನು ಕರೆದು ಆಮೇಲೆ ತೂಗು, ಈಗಿನ ಕೋಡಾದ್ರೆ ಅಲ್ಲೇ ಬೀಳ್ತದೆ."

"ನನ್ನ ಬನ್ಸ್?" ಶೆಟ್ರು ಬಂದ್ರು. ಯಾರೂ ಉತ್ತರ ಕೊಡ್ಲಿಲ್ಲ. "ಅಲ್ಲ, ಆ ಡಿಎಲ್‌ಎಲ್ ಬರೆದವ್ರನ್ನೇ ಕೇಳ್ಬಹುದಿತ್ತಲ್ಲ?"

"ಅವ್ರ ಕೋಡಿನ ಹೆಡರ್ ಫೈಲಿನ ಮೇಲೆ 0824ರ ಲ್ಯಾಂಡ್‌ಲೈನ್ ನಂಬರುಂಟು. ಮಾಡಿದ್ರೆ ಅಸ್ತಿತ್ವದಲ್ಲಿಲ್ಲ ಅಂತದೆ."

ಭಟ್ರು ಸ್ವಲ್ಪ ಹೊತ್ತು ಚಾ ಕುಡಿದ್ರು. "ಆಗಿನವ್ರಿಗೆ ಕೋಡಿನ ಮೇಲೆ ಮನೆ ನಂಬರ್ ಬರೆಯುವ ಧೈರ್ಯ ಇತ್ತು ಮಾರಾಯ, ಬಿದ್ರೆ ನಂಗೆ ಹೇಳಿ ಅಂತ. ಈಗ ಬಿದ್ರೆ ಕ್ಯಾಚಿನೊಳಗೆ ಎರಡು ಬ್ರಾಕೆಟು, ಮಧ್ಯ ಏನೂ ಇಲ್ಲ."

"ಪ್ರವೀಣನ ಮೊಬೈಲ್ ನಂಬರ್ ಹಾಕುವ ಅಲ್ಲಿ" ಅಂದ್ರು ಕಾಮತ್ರು.

"ಬೇಡ ಮಾರ್ರೆ, ಅವ್ರು ರಾತ್ರಿ ಸಹ ತೂಗ್ತಾರೆ!"