ಎನ್‌ಜಿಒದಲ್ಲಿ ಸಂಬಳ ತಡ, ಕೇಳುವವರಿಲ್ಲ. ನಿಲ್ಲುವುದೋ ಬಿಡುವುದೋ?

ಪ್ರಶ್ನೆ (ಬದಿಯಡ್ಕ)
ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು ಕಡೆ ಭಿನ್ನಸಾಮರ್ಥ್ಯದ ಮಕ್ಕಳ ಮನೆಭೇಟಿ ಮಾಡುವ ಕೆಲಸ. ಸಂಯೋಜಕರ ಹುದ್ದೆ ಖಾಲಿ ಬಿದ್ದಿದೆ. ಕಾರ್ಯದರ್ಶಿಯವರು ದಿನಕ್ಕೊಂದು ಹೊಸ ಕೆಲಸ ಫೋನಿನಲ್ಲೇ ಹೇಳುತ್ತಾರೆ. ಪಿಎಫ್ (ಭವಿಷ್ಯನಿಧಿ) ಕಡಿತ ಸಂಬಳದ ಚೀಟಿಯಲ್ಲಿ ಮಾತ್ರ ಕಾಣುತ್ತದೆ. ಪ್ರಾಜೆಕ್ಟ್ ಮಾರ್ಚ್‌ಗೆ ಮುಗಿಯುತ್ತದಂತೆ. ಮೊದಲು ಏನು ನೋಡಬೇಕು?

ಉತ್ತರ 1 (ಕುಂಬಳೆ)
ಮೊದಲು ಪಿಎಫ್. ಉಮಂಗ್ ಆ್ಯಪ್‌ನಲ್ಲಿ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಹಾಕಿ ಪಾಸ್‌ಬುಕ್ ತೆಗೆಯಿರಿ. ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಚೀಟಿಯಲ್ಲಿ ಕಡಿತವಿದ್ದು ಪಾಸ್‌ಬುಕ್ ಖಾಲಿಯಿದ್ದರೆ ಅದು ಬರೀ ತಡವಲ್ಲ, ಅಪರಾಧ. ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಇಟ್ಟುಕೊಂಡು ಪಿಎಫ್ ಸಂಸ್ಥೆ ಇಪಿಎಫ್‌ಒದ ದೂರು ಪೋರ್ಟಲಿನಲ್ಲಿ ದೂರು ಹಾಕಿ. ಕೆಲಸದಲ್ಲಿರುವಾಗಲೇ ಹಾಕಿ, ಬಿಟ್ಟ ಮೇಲೆ ಹಳೆ ಚೀಟಿ ಕೇಳಿದರೆ ಯಾರೂ ಕೊಡುವುದಿಲ್ಲ.

ಉತ್ತರ 2 (ಮಂಜೇಶ್ವರ)
ಸಂಬಳ ಏಕೆ ನಿಲ್ಲುತ್ತದೆ ಎಂದು ತಿಳಿದರೆ ಮುಂದಿನದನ್ನು ಅಂದಾಜು ಮಾಡಬಹುದು. ದಾನಿಗಳು ಹಣ ಕಂತಿನಲ್ಲಿ ಕೊಡುತ್ತಾರೆ. ಹಿಂದಿನ ಕಂತಿನ ಬಳಕೆ ವರದಿ ಹೋಗದೆ ಮುಂದಿನದು ಬರುವುದಿಲ್ಲ. ಭೇಟಿ ರಿಜಿಸ್ಟರಿನ ತಾರೀಕಿಗೂ ಪ್ರಯಾಣದ ಬಿಲ್ಲಿಗೂ ತಾಳೆಯಾಗದಿದ್ದರೆ ವರದಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದು ಪ್ರಾಜೆಕ್ಟಿನ ದುಡ್ಡನ್ನು ಇನ್ನೊಂದಕ್ಕೆ ತಿರುಗಿಸುವಂತೆಯೂ ಇಲ್ಲ. ವಿದೇಶಿ ದೇಣಿಗೆಯಾದರೆ ಅದರ ಕಾಯ್ದೆಗೆ (ಎಫ್‌ಸಿಆರ್‌ಎ) ಬಂದ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು 50ರಿಂದ 20 ಶೇಕಡಕ್ಕೆ ಇಳಿಸಿತು. ಹಾಗಾಗಿ ಮೊದಲು ಖಾಲಿಯಾಗುವುದು ಸಂಯೋಜಕರಂಥ ಹುದ್ದೆಗಳೇ. ಹಾಗೆಂದು ನಿಮ್ಮ ಸಂಬಳ ಬಾಕಿ ಇಡಲು ಅದು ಕಾರಣವಲ್ಲ.
ಮೂರು ವಿಷಯ ಇಮೇಲಿನಲ್ಲಿ ಕೇಳಿ: ಪ್ರಾಜೆಕ್ಟಿನ ಒಪ್ಪಂದ ಯಾವ ತಾರೀಕಿಗೆ ಮುಗಿಯುತ್ತದೆ, ಮುಂದಿನ ಕಂತು ಯಾವಾಗ, ಎಫ್‌ಸಿಆರ್‌ಎ ನೋಂದಣಿ ಎಂದಿನವರೆಗೆ (ಅದು 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು). ಉತ್ತರ ಬಾರದಿದ್ದರೆ ಮಾರ್ಚ್‌ಗೆ ಕಾಯಬೇಡಿ, ಈಗಿನಿಂದಲೇ ಬೇರೆ ಕಡೆ ಅರ್ಜಿ ಹಾಕಿ.

ಉತ್ತರ 3 (ಮುಳ್ಳೇರಿಯ)
ಫೋನಿನಲ್ಲಿ ಹೇಳಿದ ಕೆಲಸಕ್ಕೆ ಅದೇ ಸಂಜೆ ಎರಡು ಸಾಲು ಇಮೇಲ್ ಬರೆಯಿರಿ: "ಇಂದು ಹೇಳಿದ ಸರ್ವೆ ಮಾಡಿದರೆ ಈ ವಾರದ ಸ್ವರ್ಗ, ಪಡ್ರೆ ಊರುಗಳ ಭೇಟಿ ತಪ್ಪುತ್ತದೆ. ಯಾವುದು ಮೊದಲು?" ಜಗಳವಿಲ್ಲದೆ ಜವಾಬ್ದಾರಿ ಅವರ ಮೇಲೆ ಬರುತ್ತದೆ.
ಬಾಕಿ ಸಂಬಳಕ್ಕೆ ಕಾಸರಗೋಡಿನ ಕಾರ್ಮಿಕ ಕಚೇರಿಗೆ ಕನ್ನಡದಲ್ಲೇ ಅರ್ಜಿ ಕೊಡಿ. ಕೇರಳದ ಭಾಷಾ ಕಾನೂನಿನಲ್ಲಿ ಇಲ್ಲಿನ ಕನ್ನಡಿಗರಿಗೆ ಆ ಹಕ್ಕಿದೆ, ಮಲಯಾಳದಲ್ಲಿ ಬರೆಸಿ ತನ್ನಿ ಎಂದರೆ ಒಪ್ಪಬೇಡಿ ಮಾರಾಯ್ರೇ.
ಬಿಡುವುದೇ ಆದರೆ ಮಕ್ಕಳನ್ನು ನಡುದಾರಿಯಲ್ಲಿ ಬಿಡಬೇಡಿ. ಪ್ರತಿ ಮಗುವಿಗೆ ಒಂದು ಹಾಳೆ: ಔಷಧಿ, ವ್ಯಾಯಾಮ, ಮುಂದಿನ ಆಸ್ಪತ್ರೆ ತಾರೀಕು. ಒಂದು ಪ್ರತಿ ಮನೆಯವರಿಗೆ, ಇನ್ನೊಂದು ಆರೋಗ್ಯ ಕೇಂದ್ರದ ಪಾಲಿಯೇಟಿವ್ (ದೀರ್ಘಕಾಲದ ರೋಗಿಗಳ ಆರೈಕೆಯ) ನರ್ಸಿಗೆ. ಮಗು ಬಡ್ಸ್ ಶಾಲೆಗೆ (ಭಿನ್ನಸಾಮರ್ಥ್ಯದ ಮಕ್ಕಳ ಶಾಲೆ) ಹೋಗುತ್ತಿದ್ದರೆ ಅಲ್ಲಿನ ಟೀಚರಿಗೂ ಒಂದು. ಕೊಡುವ ಮೊದಲು ಮನೆಯವರ ಒಪ್ಪಿಗೆ ಕೇಳಿ.